ಜೆಟ್ಟಿನ ರಂಧ್ರ

ಅಲ್ಪವನ್ನು ಉಳಿಸಹೋಗಿ ಅಧಿಕವನ್ನು ಕಳೆದುಕೊಳ್ಳುವುದು ಗೃಹಸ್ಥರಾದ ನಮಗೆ ಹೊಸದಲ್ಲ. ಆದರೂ ಸೂಜಿ ತೂರುವಷ್ಟು ರಂಧ್ರವೊಂದು ನಮ್ಮನ್ನು ಸಂಡೂರಿನ ಏರಿನಲ್ಲಿ ಕೆಡವಿದ ಸಂಗತಿಯು ವಾಚಕರಿಗೆ ಉಪಯುಕ್ತವಾದೀತೆಂದು ಬರೆಯುತ್ತಿದ್ದೇವೆ.

ಹೊಸಪೇಟೆಯ ನಮ್ಮ ಮನೆಯಲ್ಲಿ ತೀರ್ಥರೂಪರ ಕಾಲದ ಯೆಜ್ಡಿ ಮೋಟಾರು ಸೈಕಲ್ಲೊಂದಿದೆ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿಹೋಯಿತು. ಅದರ ಕಾರ್ಬುರೇಟರಿನಲ್ಲಿ ಹಿತ್ತಾಳೆಯ ಜೆಟ್ಟುಗಳಿವೆ. ಅವುಗಳ ರಂಧ್ರದಿಂದ ಹೊರಟ ಪೆಟ್ರೋಲು ಗಾಳಿಯೊಡನೆ ಬೆರೆತು ಎಂಜಿನ್ನನ್ನು ಸೇರುವುದು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಮೈಲೇಜು ಹೆಚ್ಚಲೆಂಬ ಆಸೆಯಿಂದ ನಾವು ಮುಖ್ಯ ಜೆಟ್ಟನ್ನು ತೆಗೆಸಿ, ಅದಕ್ಕಿಂತ ಚಿಕ್ಕದನ್ನು ಹಾಕಿಸಿದೆವು. “ಬ್ಯಾಡ್ರಿ, ಎಂಜಿನ್ನು ಹಿಡಕೊಂತೈತಿ” ಎಂದು ವೃದ್ಧ ಮೇಸ್ತ್ರಿ ಹೇಳಿದರು, ನಾವು ಕೇಳಲಿಲ್ಲ.

ಮರುವಾರ ಸಂಡೂರಿನ ನಂಟರಲ್ಲಿ ತೊಟ್ಟಿಲ ಶಾಸ್ತ್ರವಿತ್ತು. ಮನೆಯವಳನ್ನು ಹಿಂದೆ ಕೂರಿಸಿಕೊಂಡು ಹೊರಟೆವು. ಏರಿನಲ್ಲಿ ಅದಿರಿನ ಲಾರಿಯೊಂದನ್ನು ದಾಟಲು ಪೂರ್ತಿ ವೇಗ ಕೊಟ್ಟೆವು. ಎಂಜಿನ್ನು ಕಿರುಗುಟ್ಟಿ ಬಿಗಿದುಕೊಂಡಿತು. ಹಿಂದಿನ ಚಕ್ರ ಉರುಳದೆ ಉಜ್ಜಿತು. ಕ್ಲಚ್ಚು ಹಿಡಿದು ಹೇಗೋ ರಸ್ತೆಯಂಚಿನ ಕೆಂಪು ಮಣ್ಣಿಗೆ ತಿರುಗಿಸಿ ಅಲ್ಲಿಯೇ ಬಿದ್ದೆವು. ಲಾರಿಯು ಪಕ್ಕದಲ್ಲಿಯೇ ಹಾದುಹೋಯಿತು. ಮನೆಯವಳು ತರಚಿದ ಮೊಣಕೈಯನ್ನು ಸೆರಗಿನಿಂದ ಒರಸಿಕೊಳ್ಳುತ್ತ, “ಪೆಟ್ರೋಲಿನಾಗ ಎಷ್ಟು ಉಳೀತ್ರೀ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಕಾರಣವು ಸರಳವಾದದ್ದು. ಈ ಎಂಜಿನ್ನಿಗೆ ಎಣ್ಣೆಯೂ ಪೆಟ್ರೋಲಿನಲ್ಲಿಯೇ ಬೆರೆತು ಹೋಗತಕ್ಕದ್ದು. ರಂಧ್ರವು ಕಿರಿದಾದರೆ ಪೆಟ್ರೋಲಿನೊಡನೆ ಎಣ್ಣೆಯೂ ಕಡಮೆಯಾಗಿ, ಕಾವು ಏರಿ, ಹಿಗ್ಗಿದ ಪಿಸ್ಟನ್ನು ಸಿಲಿಂಡರನ್ನು ಕಚ್ಚುವುದು. ಬೋರು ಮಾಡಿಸಿ ಹೊಸ ಪಿಸ್ಟನ್ನು ಹಾಕಿಸುವಷ್ಟರಲ್ಲಿ ಉಳಿತಾಯದ ಹತ್ತರಷ್ಟು ಹಣ ಹೋಯಿತು.

ಹಾಗಾದರೆ ಜೆಟ್ಟನ್ನು ಬದಲಿಸುವ ಪ್ರಸಂಗವೇ ಇಲ್ಲವೆ? ಉಂಟು. ಗಾಳಿಯನ್ನು ಹೆಚ್ಚಾಗಿ ಬಿಡುವ ಫಿಲ್ಟರನ್ನೋ ಸೈಲೆನ್ಸರನ್ನೋ ಹಾಕಿದರೆ ದೊಡ್ಡ ಜೆಟ್ಟು ಬೇಕಾಗಬಹುದು. ಸುಮಾರು 2,200 ಮೀಟರ್ ಎತ್ತರದ ಊಟಿಯಂಥ ಸ್ಥಳದಲ್ಲಿ ನೆಲಸುವವರಿಗೆ, ಗಾಳಿ ವಿರಳವಾದ್ದರಿಂದ, ಚಿಕ್ಕದು ಸಾಕು. ಕೆಳಗಿಳಿದಾಗ ಮೊದಲಿನದನ್ನೇ ಮರಳಿ ಹಾಕಬೇಕು. ಸಂಡೂರಿನ ಗುಡ್ಡಗಳಿಗೆ ಅದರ ಅಗತ್ಯವಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದರಲ್ಲಿಯೇ ಆಮ್ಲಜನಕವಿರುವುದರಿಂದ ಮಿಶ್ರಣವು ತೆಳುವಾಗುವುದು. ಹಳೆಯ ವಾಹನಕ್ಕೆ ಒಂದು ನಂಬರು ಹೆಚ್ಚಿನ ಜೆಟ್ಟು ಬೇಕಾದೀತು.

ಆದರೆ ಮೊದಲು ಕಾರ್ಬುರೇಟರನ್ನು ತೊಳೆದು, ಗಾಳಿ ಸೋರುವುದೇ ಎಂದು ನೋಡಬೇಕು. ಅನೇಕ ವೇಳೆ ದೋಷವು ಅಲ್ಲಿಯೇ ಇರುವುದು. ಬದಲಿಸುವಾಗ ಪೆಟ್ರೋಲಿನ ನಲ್ಲಿಯನ್ನು ಮುಚ್ಚಿ, ಬಟ್ಟಲನ್ನು ಬರಿದುಮಾಡಿ, ಸರಿಯಾಗಿ ಕೂರುವ ಸ್ಕ್ರೂಡ್ರೈವರಿನಿಂದ ಜೆಟ್ಟನ್ನು ತೆಗೆಯಿರಿ. ಹಿತ್ತಾಳೆ ಮೃದುವಾದದ್ದು, ತಂತಿಯಿಂದ ಚುಚ್ಚಿದರೆ ರಂಧ್ರ ಕೆಡುವುದು, ಬಲವಾಗಿ ತಿರುಗಿಸಿದರೆ ಮರೆ ಹಾಳಾಗುವುದು. ಒಂದು ಸಲಕ್ಕೆ ಒಂದೇ ನಂಬರು ಏರಿಸಿರಿ ಅಥವಾ ಇಳಿಸಿರಿ. ನಿಂತಲ್ಲಿ ಎಂಜಿನ್ನು ಆಡುವುದು ಪೈಲಟ್ ಜೆಟ್ಟಿನಿಂದ, ನಡುವಣ ವೇಗ ಸೂಜಿಯಿಂದ, ಪೂರ್ತಿ ವೇಗ ಮುಖ್ಯ ಜೆಟ್ಟಿನಿಂದ.

ರಿಪೇರಿಯ ನಂತರ ನಾವು ಕಂಪ್ಲಿಯ ದಾರಿಯಲ್ಲಿ, ಭತ್ತದ ಗದ್ದೆಗಳ ನಡುವೆ, ಜನಸಂಚಾರವಿಲ್ಲದ ಸಮಭೂಮಿಯಲ್ಲಿ ಪರೀಕ್ಷೆ ನಡೆಸಿದೆವು. ವೇಗದಲ್ಲಿದ್ದಾಗಲೇ ಕ್ಲಚ್ಚು ಹಿಡಿದು ಎಂಜಿನ್ನು ಆರಿಸಿ, ಗಾಡಿ ನಿಂತ ಮೇಲೆ ಪ್ಲಗ್ಗನ್ನು ಬಿಚ್ಚಿ ನೋಡಿದೆವು. ಬಿಳುಪಾಗಿದ್ದರೆ ಪೆಟ್ರೋಲು ಸಾಲದು, ಮಸಿ ಹಿಡಿದಿದ್ದರೆ ಹೆಚ್ಚು. ನಮ್ಮದು ಹುರಿದ ಕಾಫಿಬೀಜದ ತಿಳಿಗಂದು ಬಣ್ಣಕ್ಕೆ ಬಂದಿತ್ತು.

ಅದರ ಮರುದಿನವೇ ಸಂಡೂರಿಗೆ ಹೋಗಿ ಕೂಸನ್ನು ನೋಡಿ ಬಂದೆವು. ಮನೆಯವಳು ಹಿಂದೆ ಕೂತಳು. ಆದರೆ ಹತ್ತುವ ಮೊದಲು ಜೆಟ್ಟಿನ ನಂಬರನ್ನು ಕೇಳಿ ತಿಳಿದುಕೊಂಡಳು.