ಪಕ್ಕದ ಮನೆಯ ಖಾನುಮ್

ಒಲೆಯ ಮೇಲೆ ಅನ್ನ ತಳ ಹಿಡಿದರೆ ನೀವೇನು ಮಾಡುತ್ತೀರಿ? ನಾನಂತೂ ಮೇಲಿನ ಅನ್ನವನ್ನು ಮೆಲ್ಲಗೆ ಬೇರೆ ಪಾತ್ರೆಗೆ ತೆಗೆದು, ತಳದ್ದನ್ನು ಯಾರ ಕಣ್ಣಿಗೂ ಬೀಳದ ಹಾಗೆ ನೀರು ಹಾಕಿ ನೆನೆಯಿಡುತ್ತೇನೆ. ಅತ್ತೆಯವರ ಮೂಗು ಚುರುಕಾಗಿದ್ದರೆ ಆ ಉಪಾಯವೂ ನಡೆಯುವುದಿಲ್ಲ ಅನ್ನಿ! ಆದರೆ ತಳ ಹಿಡಿದ ಅನ್ನವನ್ನೇ ಅತಿಥಿಗೆ ಮೊದಲು ಬಡಿಸಿ, ಉಳಿದ ಚೂರಿಗಾಗಿ ಮನೆಮಂದಿಯೆಲ್ಲ ಕಿತ್ತಾಡುವ ಜನರೂ ಈ ಲೋಕದಲ್ಲಿದ್ದಾರೆ, ಸೋದರಿಯರೇ. ಅವರು ಇರಾನಿನವರು, ಅಂದರೆ ಪರ್ಷಿಯನ್ನರು. ಅಂಥ ಒಬ್ಬ ಗೃಹಿಣಿಯ ಪಕ್ಕದ ಮನೆಯಲ್ಲಿ ನಾನು ನಾಲ್ಕು ತಿಂಗಳು ಇದ್ದೆ. ಆಕೆಯಿಂದ ಕಲಿತದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳದಿದ್ದರೆ ನನಗೆ ಸಮಾಧಾನವಿಲ್ಲ.

2022ರ ಡಿಸೆಂಬರಿನಲ್ಲಿ ತಂಗಿಯ ಎರಡನೆಯ ಬಾಣಂತನಕ್ಕೆಂದು ಕೆನಡಾದ ಟೊರಾಂಟೋಕ್ಕೆ ಹೋದೆ. ನಮ್ಮವ್ವನಿಗೆ ಮೊಣಕಾಲು ನೋವು, ಅಷ್ಟು ದೂರದ ಪ್ರಯಾಣ ಆಗದು. ಹಿರಿಯ ಮಗಳಾದ ನನ್ನ ಪಾಲಿಗೆ ಆ ಕೆಲಸ ಬಂತು. ಬೀದರ್ ಬಿಟ್ಟರೆ ಹೈದರಾಬಾದು, ಅದು ಬಿಟ್ಟರೆ ಒಮ್ಮೆ ತಿರುಪತಿ, ಇಷ್ಟೇ ಕಂಡಿದ್ದ ನನಗೆ ಆ ಹಿಮ, ಆ ಚಳಿ, ಆ ನಿಶ್ಶಬ್ದ ಬೀದಿಗಳು ನೋಡಿ ಎದೆ ಧಸಕ್ಕೆಂದಿತು. ಬಂದ ಮೂರನೆಯ ದಿನ ಪಕ್ಕದ ಮನೆಯಿಂದ ಅರವತ್ತು ದಾಟಿದ ಹೆಂಗಸೊಬ್ಬರು ಮುಚ್ಚಿದ ಬಟ್ಟಲು ಹಿಡಿದುಕೊಂಡು ಬಂದರು. ಸುಟ್ಟ ಬದನೆಕಾಯಿ, ಬೆಳ್ಳುಳ್ಳಿ, ಟೊಮೇಟೊ ಹಾಕಿ ಮಾಡಿದ ಪಲ್ಯ. ಥೇಟ್ ನಮ್ಮ ಬದನೆಕಾಯಿ ಭರ್ತ! ಅದಕ್ಕೆ ಮೊಟ್ಟೆ ಹಾಕುವುದು ಅವರ ರೂಢಿಯಂತೆ. ನಾವು ತಿನ್ನುವುದಿಲ್ಲವೆಂದು ತಂಗಿಯಿಂದ ತಿಳಿದು, ಬಿಟ್ಟು ಮಾಡಿದ್ದರು. "ಮಿರ್ಜಾ ಘಾಸೆಮಿ, ನಮ್ಮ ಗೀಲಾನಿನ ಅಡಿಗೆ" ಎಂದರು.

ಅವರನ್ನು ನಾನು ಖಾನುಮ್ ಎಂದೇ ಕರೆದೆ. ಅವರ ಭಾಷೆಯಲ್ಲಿ ಅದು ಹೆಂಗಸರಿಗೆ ಮರ್ಯಾದೆಯ ಮಾತು, ನಾವು ಬಾಯಿಯವರು, ಅಮ್ಮನವರು ಅನ್ನುವಂತೆ. ಅವರು ನನ್ನ ಹೆಸರಿಗೆ "ಜಾನ್" ಸೇರಿಸುತ್ತಿದ್ದರು. ಜಾನ್ ಅಂದರೆ ಪ್ರಾಣ.

ನನ್ನ ಇಂಗ್ಲಿಷು ಹೈಸ್ಕೂಲಿನದು, ಅವರದೂ ತಡವರಿಸುವ ಇಂಗ್ಲಿಷೇ. ಆದರೂ ಮಾತಿಗೆ ಬರ ಬರಲಿಲ್ಲ. ನಾನು ಕಿಟಕಿಯ ಕಡೆ ಕೈ ತೋರಿಸಿ "ಪರದೆ" ಅಂದೆ. ಅವರು "ಪರ್ದೆ!" ಎಂದು ಚಪ್ಪಾಳೆ ತಟ್ಟಿದರು. ಬಾಗಿಲಿಗೆ ನಮ್ಮ ಕಡೆ ದರವಾಜ ಅನ್ನುತ್ತೇವೆ, ಅವರೂ ದರ್ವಾಜೆ ಅನ್ನುತ್ತಾರೆ. ಬಾದಾಮಿ, ಪಿಸ್ತಾ, ಪನೀರು, ಬಜಾರು ಎಲ್ಲ ಒಂದೇ. ನಾವು ತಿನ್ನುವ ಸೇಬು ಅವರ ಸೀಬ್. ಗುಲಾಬಿಯ ಗುಲ್ ಅಂದರೆ ಹೂವು, ಆಬ್ ಅಂದರೆ ನೀರು. ಕಾರ್ಖಾನೆ, ದವಾಖಾನೆ ಅನ್ನುತ್ತೇವಲ್ಲ, ಆ ಖಾನೆ ಅಂದರೆ ಅವರ ಭಾಷೆಯಲ್ಲಿ ಮನೆ. ದಿನವೂ ಬಾಯಲ್ಲಿ ಆಡುವ ಮಾತು ಎಲ್ಲಿಂದ ಬಂದದ್ದೆಂದು ನಾನು ಒಂದು ದಿನವಾದರೂ ಯೋಚಿಸಿದವಳಲ್ಲ.

ನಮ್ಮ ಮನೆಯವರು ಇತಿಹಾಸದ ಮೇಷ್ಟ್ರು. ಫೋನಿನಲ್ಲಿ ಗೀಲಾನಿನ ಹೆಸರು ಹೇಳಿದ ಕೂಡಲೇ, "ಅಯ್ಯೋ, ನಮ್ಮ ಮಹಮೂದ್ ಗವಾನನ ಊರಿನ ಸೀಮೆ ಅದು!" ಎಂದರು. 1472ರಲ್ಲಿ ಬೀದರಿನ ಮದರಸಾ ಕಟ್ಟಿಸಿದ ಗವಾನ್ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಆ ಗೀಲಾನಿನಿಂದಲೇ ವ್ಯಾಪಾರಕ್ಕೆ ಬಂದವನು. ಬಹಮನಿ ರಾಜ್ಯದ ಪ್ರಧಾನಿಯಾದ. ಮರಳಿ ಹೋಗಲೇ ಇಲ್ಲ. ಅವನ ಸಮಾಧಿಯೂ ಬೀದರಿನ ಹತ್ತಿರವೇ ಇದೆ. ಚಿಕ್ಕವಳಿದ್ದಾಗ ಆ ಮದರಸಾದ ನೀಲಿ ಹಂಚುಗಳ ಕೆಳಗೆ ನಾನು ಕುಂಟಾಟ ಆಡಿದ್ದೇನೆ. ಇದನ್ನು ಹೇಳಿ ಫೋನಿನಲ್ಲಿ ಚಿತ್ರ ತೋರಿಸಿದಾಗ ಖಾನುಮ್ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವನೂ ವಾಪಸು ಹೋಗಲಿಲ್ಲವೇ?" ಎಂದರು.

ಆ ಪ್ರಶ್ನೆಯ ಅರ್ಥ ನನಗೆ ತಿಳಿದದ್ದು ಯಲ್ದಾ ರಾತ್ರಿಯಂದು. ಡಿಸೆಂಬರ್ 21ರ ಹೊತ್ತಿಗೆ ಬರುವ ವರ್ಷದ ಅತಿ ದೀರ್ಘ ರಾತ್ರಿಯನ್ನು ಅವರು ಎಲ್ಲರೂ ಕೂಡಿ ಎಚ್ಚರವಿದ್ದು ಕಳೆಯುತ್ತಾರೆ. 2022ರಲ್ಲಿಯೇ ಯುನೆಸ್ಕೋ ಈ ಹಬ್ಬವನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ತಟ್ಟೆ ತುಂಬ ದಾಳಿಂಬೆ, ಕಲ್ಲಂಗಡಿ, ಒಣಹಣ್ಣು. ಸಕ್ಕರೆಯ ಗಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಕುಡಿಯುವ ಕಪ್ಪು ಚಹಾ. ಖಾನುಮ್ ಹಾಫಿಜ್ ಕವಿಯ ಪುಸ್ತಕ ತೆಗೆದು, ಕಣ್ಣು ಮುಚ್ಚಿ ಒಂದು ಪುಟ ಬಿಡಿಸಿ, ಅಲ್ಲಿ ಬಂದ ಪದ್ಯದಿಂದ ಒಬ್ಬೊಬ್ಬರಿಗೂ ಶಕುನ ಹೇಳಿದರು. ಹಾಫಿಜ್ ಶಿರಾಜ್ ಪಟ್ಟಣದವನು, ಆರು ನೂರು ವರ್ಷಗಳಿಗೂ ಹಿಂದಿನವನು. ನಮ್ಮ ಬಹಮನಿ ಸುಲ್ತಾನ ಅವನನ್ನು ಕಲಬುರ್ಗಿಗೆ ಕರೆಸಿದ್ದನೆಂದೂ, ಅವನು ಹಡಗು ಹತ್ತಿ, ಬಿರುಗಾಳಿಗೆ ಹೆದರಿ ಇಳಿದುಬಿಟ್ಟನೆಂದೂ ಬಿಜಾಪುರದಲ್ಲಿ ಕುಳಿತು ಇತಿಹಾಸ ಬರೆದ ಫೆರಿಷ್ತಾ ಹೇಳಿದ್ದಾನೆ. ಇದನ್ನೂ ನಮ್ಮ ಮೇಷ್ಟ್ರೇ ಹೇಳಿಕೊಟ್ಟದ್ದು. ನಾನು ಹೇಳಿದೊಡನೆ ಎಲ್ಲರೂ ನಕ್ಕರು.

ಆದರೆ ಖಾನುಮ್ ಅವರ ಕಣ್ಣು ಮಾತ್ರ ಫೋನಿನ ಮೇಲೆ. 1979ರ ಕ್ರಾಂತಿಯಲ್ಲಿ ಇರಾನಿನ ಷಾ ದೊರೆಯ ಆಳ್ವಿಕೆ ಬಿದ್ದು ಹೊಸ ಸರ್ಕಾರ ಬಂತು. 1980ರಿಂದ ಎಂಟು ವರ್ಷ ಇರಾಕಿನೊಡನೆ ಯುದ್ಧ. ಲಕ್ಷಾಂತರ ಜನ ದೇಶ ಬಿಟ್ಟರು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಅವರೆಷ್ಟು ಜನ ನೆಲೆಸಿದ್ದಾರೆಂದರೆ, ಆ ಊರಿಗೆ ತೆಹ್ರಾಂಜಲೀಸ್ ಎಂಬ ಅಡ್ಡಹೆಸರೇ ಬಿದ್ದಿದೆ! ಖಾನುಮ್ ಅವರ ಯಜಮಾನರು ಪತ್ರಿಕೆಗೆ ಬರೆಯುತ್ತಿದ್ದವರು. 1984ರಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಹೊರಟ ಗಂಡಹೆಂಡಿರು ಮರಳಿದರೆ ಸೆರೆಮನೆಯೇ ಎಂಬ ಭಯದಿಂದ ಮತ್ತೆ ಕಾಲಿಡಲಿಲ್ಲ. ತಾಯಿ ತೀರಿಕೊಂಡರು, ತಂದೆ ತೀರಿಕೊಂಡರು. ಎರಡು ಸಲವೂ ಈಕೆ ಟೊರಾಂಟೋದ ಅಡಿಗೆಮನೆಯಲ್ಲಿ ನಿಂತು ಅತ್ತದ್ದಷ್ಟೇ.

ಈಗ ತೆಹರಾನಿನಲ್ಲಿದ್ದ ತಂಗಿಯ ಮಗಳ ಚಿಂತೆ. ಆ ವರ್ಷದ ಸೆಪ್ಟೆಂಬರಿನಲ್ಲಿ, ತಲೆವಸ್ತ್ರ ಸರಿಯಾಗಿ ತೊಟ್ಟಿಲ್ಲವೆಂದು ಹಿಡಿದೊಯ್ದ 22 ವರ್ಷದ ಮಹ್ಸಾ ಅಮೀನಿ ಎಂಬ ಹುಡುಗಿ ಪೊಲೀಸರ ವಶದಲ್ಲಿದ್ದಾಗಲೇ ತೀರಿಕೊಂಡಿದ್ದಳು. ಊರೂರಿನಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. ಸರ್ಕಾರ ಆಗಾಗ ಇಂಟರ್ನೆಟ್ ಕಡಿದುಹಾಕುತ್ತಿತ್ತು. ದಿನಗಟ್ಟಲೆ ಆ ಹುಡುಗಿಯ ದನಿಯಿಲ್ಲ. ಹಾಗಿದ್ದೂ ಖಾನುಮ್ ದಾಳಿಂಬೆ ಬಿಡಿಸಿದರು, ಪದ್ಯ ಓದಿದರು. "ಹೇಗೆ ಮಾಡುತ್ತೀರಿ ಹಬ್ಬ?" ಎಂದು ಕೇಳಿದೆ. "ಮಾಡದಿದ್ದರೆ ಏನು ಉಳಿಯುತ್ತದೆ?" ಎಂದರು.

ಇನ್ನು ನಮ್ಮ ಮನೆಯ ಸಂಗತಿ ಕೇಳಿ. ತಂಗಿಯ ಹಿರಿಯ ಮಗನಿಗೆ ಐದು ವರ್ಷ. ಕನ್ನಡ ಒಂದಕ್ಷರ ಬಾರದು. ಬೀದರಿನಿಂದ ಅವ್ವ ಫೋನು ಮಾಡಿ "ಏನಪ್ಪಾ, ಚೆಂದಿದ್ದೀಯಾ?" ಅಂದರೆ, "ವಾಟ್?" ಅಂದು ಆಟಕ್ಕೆ ಓಡುವನು. ಅವ್ವ ಪಾಪ, "ಇರಲಿ ಬಿಡು" ಎಂದು ಫೋನಿಡುವಳು. ನಾನು ಬಾಯಿಬಿಟ್ಟರೆ ತಂಗಿ, "ಅಕ್ಕಾ, ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತೇವಲ್ಲ, ಅಲ್ಲಿ ತಾನಾಗಿ ಕಲಿಯುತ್ತಾನೆ" ಎನ್ನುವಳು.

ಖಾನುಮ್ ಅವರ ಮೊಮ್ಮಗಳಿಗೆ ಒಂಬತ್ತು ವರ್ಷ, ಹುಟ್ಟಿದ್ದು ಕೆನಡಾದಲ್ಲೇ. ಅವಳು ಅಜ್ಜಿಯೊಡನೆ ಪಟಪಟನೆ ಪರ್ಷಿಯನ್ ಆಡುವಳು. ಶನಿವಾರ ಬೆಳಿಗ್ಗೆ ಎಲ್ಲ ಮಕ್ಕಳೂ ಆಟಕ್ಕೆ ಹೋದರೆ ಇವಳು ಪರ್ಷಿಯನ್ ಪಾಠಕ್ಕೆ ಹೋಗುವಳು. "ಏನು ಗುಟ್ಟು?" ಎಂದು ಕೇಳಿದ್ದಕ್ಕೆ ಖಾನುಮ್ ನಕ್ಕರು. "ಗುಟ್ಟೇನಿಲ್ಲ. ಈ ಹೊಸಿಲಿನೊಳಗೆ ನನಗೆ ಇಂಗ್ಲಿಷ್ ಬರುವುದಿಲ್ಲ. ಮೊಮ್ಮಗಳು ಇಂಗ್ಲಿಷಿನಲ್ಲಿ ಐಸ್‌ಕ್ರೀಮ್ ಕೇಳಿದರೆ ನನಗೆ ಕಿವಿಯೇ ಕೇಳಿಸುವುದಿಲ್ಲ!"

ಆಮೇಲೆ ಮೆಲ್ಲಗೆ ಹೇಳಿದ ಮಾತನ್ನು ನಾನು ಮರೆಯಲಾರೆ. "ನಿನ್ನ ತಂಗಿಗೆ ಊರಿಗೆ ವಿಮಾನ ಇದೆ, ಜಾನ್. ಊರು ಅಲ್ಲಿಯೇ ಇದೆಯಲ್ಲ ಎಂಬ ಧೈರ್ಯದಿಂದ ಅವಳು ಮರೆಯುತ್ತಾಳೆ. ನಮಗೆ ಆ ಧೈರ್ಯವಿಲ್ಲ."

ಜನವರಿಯಲ್ಲಿ ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಬಾಣಂತಿಯ ಆರೈಕೆಯ ನಡುವೆ ಬಿಡುವಾದಾಗಲೆಲ್ಲ ನಾನು ಖಾನುಮ್ ಅವರ ಅಡಿಗೆಮನೆಯಲ್ಲಿರುತ್ತಿದ್ದೆ. ತಳದನ್ನಕ್ಕೆ ಅವರು ತಹ್‌ದೀಗ್ ಎನ್ನುತ್ತಾರೆ, ಅಂದರೆ ಪಾತ್ರೆಯ ತಳ. ಉದ್ದಕ್ಕಿಯನ್ನು ಉಪ್ಪುನೀರಿನಲ್ಲಿ ನೆನೆಸಿ, ಮುಕ್ಕಾಲು ಬೇಯಿಸಿ ಬಸಿಯಬೇಕು. ದಪ್ಪ ತಳದ ಪಾತ್ರೆಗೆ ಧಾರಾಳವಾಗಿ ಎಣ್ಣೆ ಅಥವಾ ಬೆಣ್ಣೆ, ಸ್ವಲ್ಪ ಕೇಸರಿ ನೆನೆಸಿದ ನೀರು ಹಾಕಿ, ಅನ್ನವನ್ನು ಗೋಪುರದ ಹಾಗೆ ಏರಿಸಿ, ಮುಚ್ಚಳಕ್ಕೆ ಬಟ್ಟೆ ಸುತ್ತಿ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಬೇಕು. ತಟ್ಟೆಗೆ ಬೋರಲು ಹಾಕಿದರೆ ಬಂಗಾರದ ಬಣ್ಣದ ಗರಿಗರಿ ಹಪ್ಪಳ! ನೀವೂ ಮಾಡಿ ನೋಡಿ. ಸೀದುಹೋದರೆ ನನ್ನನ್ನು ಬೈಯಬೇಡಿ, ಮೊದಲ ಎರಡು ಸಲ ನನ್ನದೂ ಸೀದಿತ್ತು.

ಮಾರ್ಚ್ ಬಂದಂತೆ ನವ್‌ರೂಜ್ ಹಬ್ಬದ ಸಡಗರ. ಅದು ಅವರ ಯುಗಾದಿ. ಮೊದಲು ಖಾನೆ ತಕಾನಿ, ಅಂದರೆ ಮನೆಯನ್ನೇ ಕೊಡವುವುದು. ಪರದೆ, ಜಮಖಾನೆ ಎಲ್ಲ ಒಗೆದು ಒಣಗಿಸುತ್ತಾರೆ. ಯಂಗ್ ಸ್ಟ್ರೀಟಿನ ಇರಾನಿ ಅಂಗಡಿಗಳ ಮುಂದೆ ಹೂಕುಂಡಗಳ ಸಾಲು. ತಟ್ಟೆಯಲ್ಲಿ ಗೋಧಿ ಮೊಳಕೆ ಬೆಳೆಸುವುದನ್ನು ಕಂಡು ನನಗೆ ನವರಾತ್ರಿಯಲ್ಲಿ ಘಟ ಹಾಕಿ ಬೆಳೆಸುವ ನಮ್ಮ ಸಸಿಯ ನೆನಪಾಯಿತು. ಆ ಹಸುರು, ಗೋಧಿ ಮೊಳಕೆಯ ಸಿಹಿ, ಸೆಂಜೆದ್ ಎಂಬ ಒಣಹಣ್ಣು, ಬೆಳ್ಳುಳ್ಳಿ, ಸೇಬು, ಹುಳಿಯಾದ ಸುಮಾಕ್ ಪುಡಿ, ಸಿರ್ಕಾ, ಹೀಗೆ ಅವರ ಭಾಷೆಯಲ್ಲಿ ಸಕಾರದಿಂದ ಶುರುವಾಗುವ ಏಳು ಪದಾರ್ಥಗಳನ್ನು ಮೇಜಿನ ಮೇಲೆ ಇಡುತ್ತಾರೆ. ಜೊತೆಗೆ ಕನ್ನಡಿ, ಮೇಣದ ಬತ್ತಿ, ಬಣ್ಣದ ಮೊಟ್ಟೆ. ಇದೇ ಹಫ್ತ್‌ಸೀನ್. ಹಫ್ತ್ ಅಂದರೆ ಏಳು, ನಮ್ಮ ಸಪ್ತದ ಅಕ್ಕತಂಗಿ. ಸಾಲದ ಹಪ್ತೆಯೂ ಅಲ್ಲಿಂದಲೇ ಬಂದದ್ದು! ಸಿರ್ಕಾ ಯಾಕೆಂದರೆ ತಾಳ್ಮೆಯ ಗುರುತಂತೆ. ನಮ್ಮ ಬೇವಿನ ಕಹಿಯ ಹಾಗೆ ಅಂದುಕೊಂಡೆ. ಮುಸ್ಲಿಮರು, ಜೊರಾಸ್ಟ್ರಿಯನ್ನರು, ಯಹೂದಿಗಳು, ಬಹಾಯಿಗಳು ಎನ್ನದೆ ಇರಾನಿನವರೆಲ್ಲ ಮಾಡುವ ಹಬ್ಬ ಇದು. ಮುಂಬಯಿಯ ಪಾರ್ಸಿಗಳೂ ಮಾಡುತ್ತಾರೆ.

ಹಗಲು ರಾತ್ರಿ ಸಮನಾಗುವ ಕ್ಷಣಕ್ಕೆ ಸರಿಯಾಗಿ ಹೊಸ ವರ್ಷ. 2023ರಲ್ಲಿ ಅದು ಟೊರಾಂಟೋದಲ್ಲಿ ಮಾರ್ಚ್ 20ರ ಸಂಜೆ 5 ಗಂಟೆ 24 ನಿಮಿಷಕ್ಕೆ ಬಂತು. ಅದೇ ಹೊತ್ತಿಗೆ ತೆಹರಾನಿನಲ್ಲಿ ನಡುರಾತ್ರಿ ಕಳೆದು ಒಂದಕ್ಕೆ ಆರು ನಿಮಿಷ ಬಾಕಿ. ಲೋಕದಲ್ಲಿ ಎಲ್ಲಿದ್ದರೂ ಅವರಿಗೆಲ್ಲ ಒಂದೇ ಗಳಿಗೆ. ಖಾನುಮ್ ಹೊಸ ಬಟ್ಟೆ ಉಟ್ಟು ಮೇಜಿನ ಮುಂದೆ ಕುಳಿತಿದ್ದರು, ಫೋನು ಕನ್ನಡಿಗೆ ಒರಗಿತ್ತು. ಗಳಿಗೆ ಬಂತು. ಎಲ್ಲರೂ ಅಪ್ಪಿಕೊಂಡರು. ಫೋನು ಮಾತ್ರ ಸುಮ್ಮನಿತ್ತು. ಇಪ್ಪತ್ತು ನಿಮಿಷದ ಮೇಲೆ ಅದು ಗುಂಯ್‌ಗುಟ್ಟಿತು. ಒಂದು ಹುಡುಗಿಯ ಮುಖ, ಅವಳ ಹಿಂದೆ ಅಂಥದೇ ಏಳು ವಸ್ತುಗಳ ಮೇಜು. ಖಾನುಮ್ ಬಾಯಿಂದ ಮಾತೇ ಬರಲಿಲ್ಲ. ಮೊಮ್ಮಗಳು ಮುಂದೆ ಬಾಗಿ, ತಾನು ಎಂದೂ ಕಾಣದ ಚಿಕ್ಕಮ್ಮನಿಗೆ ಅವರ ಭಾಷೆಯಲ್ಲಿ ಹಬ್ಬದ ಶುಭಾಶಯ ಹೇಳಿದಳು. ಆ ಮನೆಯಲ್ಲಿ ಆ ಹೊತ್ತು ಮಾತು ಬಂದದ್ದು ಆ ಮಗುವಿಗೆ ಒಂದಕ್ಕೇ.

ನನ್ನ ತಂಗಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಮಾರ್ಚ್ 22ರಂದು ನಮ್ಮ ಯುಗಾದಿ. ಬೇವಿನ ಹೂ ಎಲ್ಲಿ ತರುವುದು? ಇಂಡಿಯನ್ ಅಂಗಡಿಯಲ್ಲಿ ಸಿಕ್ಕ ಒಣಗಿದ ಬೇವನ್ನೇ ಹಾಕಿ, ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು ಕಲಸಿ ಬೇವು ಮಾಡಿದೆ. ಒಂದು ಲೋಟ ಖಾನುಮ್ ಅವರಿಗೂ ಕೊಟ್ಟೆ. ತಂಗಿ ಮಗನನ್ನು ಮಡಿಲಲ್ಲಿ ಕೂಡಿಸಿಕೊಂಡು ಅವ್ವನಿಗೆ ಫೋನು ಹಚ್ಚಿದಳು. ಎರಡು ದಿನದಿಂದ ಗುಟ್ಟಾಗಿ ಕಲಿಸಿದ್ದಳೆಂದು ಆಗಲೇ ನನಗೆ ತಿಳಿದದ್ದು. "ಅಜ್ಜೀ, ಊಟ ಆಯ್ತೇನು?" ಎಂದ ಹುಡುಗ. ಅತ್ತ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಅವ್ವ, "ಆಯ್ತು ನನ್ನಪ್ಪಾ, ಆಯ್ತು" ಎಂದಳು. ಆಗ ಬೀದರಿನಲ್ಲಿ ಬೆಳಗಿನ ಆರೂವರೆ. ಯಾವ ಊಟ ಆಗಿತ್ತೋ ದೇವರೇ ಬಲ್ಲ!

ಹಬ್ಬದ ಹದಿಮೂರನೆಯ ದಿನ, ಏಪ್ರಿಲ್ 2ಕ್ಕೆ, ಅವರೆಲ್ಲ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಆ ಮೊಳಕೆಯ ಹಸುರನ್ನು ಹರಿವ ನೀರಿಗೆ ಬಿಟ್ಟರು. ಮರುವಾರ ನಾನು ಊರಿಗೆ ಹೊರಟೆ.

ತಂಗಿಗೆ ಬುದ್ಧಿ ಹೇಳುವುದು ಸುಲಭ, ಸೋದರಿಯರೇ. ಊರಲ್ಲೇ ಇದ್ದ ನಾನು ಮಾಡಿದ್ದೇನು? ನಮ್ಮವ್ವನಿಗೆ ಬೀಸುಕಲ್ಲಿನ ಪದಗಳು ಬರುತ್ತವೆ. ಅವಳ ಅವ್ವನಿಂದ ಕಲಿತವು. ಬೀಸುಕಲ್ಲು ಮೂಲೆ ಸೇರಿತು, ಪದಗಳೂ ಸೇರಿದವು. ಅವ್ವ ಇಲ್ಲಿಯೇ ಇದ್ದಾಳಲ್ಲ ಎಂಬ ಧೈರ್ಯದಿಂದ ನಾನೂ ಮರೆತವಳೇ. ಈಗ ಪ್ರತಿ ಗುರುವಾರ ಮಧ್ಯಾಹ್ನ ಎರಡು ನೂರು ಪುಟದ ನೋಟ್‌ಬುಕ್ ಹಿಡಿದು ಅವಳ ಮುಂದೆ ಕೂಡುತ್ತೇನೆ. ಒಂದು ನುಡಿ ಮರೆತರೆ ಅವ್ವ ಕಣ್ಣು ಮುಚ್ಚಿ, ಕಲ್ಲಿಲ್ಲದಿದ್ದರೂ ಬಲಗೈಯನ್ನು ಬೀಸುವ ಹಾಗೆ ತಿರುಗಿಸುತ್ತಾಳೆ. ಕೈ ತಿರುಗಿದರೆ ಪದ ಬರುತ್ತದೆ. ಇಲ್ಲಿಯವರೆಗೆ ನಲವತ್ತೊಂದು ಬರೆದುಕೊಂಡಿದ್ದೇನೆ.

ನಿಮ್ಮ ಮನೆಯಲ್ಲೂ ಅಂಥ ಅವ್ವ ಇರಬಹುದು. ಒಂದು ನೋಟ್‌ಬುಕ್ ತನ್ನಿ.