ಕೈಗೆ ಕೆಲಸವಿರುವಾಗ ಬಂದ ಮಾತು

ಹೆಂಗಸರು ತಮ್ಮ ಬದುಕಿನ ನಿಜವನ್ನು ಹೇಳಿಕೊಳ್ಳುವುದು ಕೈಗೆ ಕೆಲಸವಿರುವಾಗ. ಹೂ ಕಟ್ಟುವಾಗ, ಸೊಪ್ಪು ಸೋಸುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ, ಒಣಗಿದ ಬಟ್ಟೆ ಮಡಿಸುವಾಗ. ಕಣ್ಣು ಕೆಲಸದ ಮೇಲಿರುತ್ತದೆ. ಎದುರಿನವರ ಮುಖ ನೋಡಬೇಕಾದ ಸಂಕೋಚವಿರುವುದಿಲ್ಲ. ಮಾತು ನಿಂತರೂ ಕೈ ನಿಲ್ಲದ ಕಾರಣ ಮೌನ ಯಾರಿಗೂ ಭಾರವಾಗುವುದಿಲ್ಲ. ಅದೇ ಹೆಂಗಸನ್ನು ಕುರ್ಚಿಯಲ್ಲಿ ಕೂರಿಸಿ, ಮೈಕು ಹಿಡಿದು, ‘ನಿಮ್ಮ ಬದುಕಿನ ಸವಾಲುಗಳೇನು?’ ಎಂದು ಕೇಳಿದರೆ ಸೆರಗು ಸರಿಮಾಡಿಕೊಂಡು, ‘ಏನಿಲ್ಲ, ಎಲ್ಲ ದೇವರು ನಡೆಸಿದ’ ಅಂದುಬಿಡುತ್ತಾಳೆ. ಪಲ್ಲಾವರಂಗೆ ಬಂದು ನೆಲೆಸಿದ ಮೇಲೆ ಇದು ನನಗೆ ಮನದಟ್ಟಾಯಿತು.

ಪಲ್ಲಾವರಂ ಚೆನ್ನೈನ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇದೆ. ಒಂದು ಕಡೆ ತ್ರಿಶೂಲಂ ಬೆಟ್ಟ, ಇನ್ನೊಂದು ಕಡೆ ಹಗಲು ರಾತ್ರಿ ಉಸಿರು ಬಿಡದ ಗ್ರ್ಯಾಂಡ್ ಸದರ್ನ್ ಟ್ರಂಕ್ (ಜಿಎಸ್‌ಟಿ) ರಸ್ತೆ, ಪಕ್ಕದಲ್ಲೇ ರೈಲು ಹಳಿ. ಇಲ್ಲಿ ಪಲ್ಲವರ ಕಾಲದ ಒಂದು ಗುಹೆಯಿದೆ, ಬ್ರಿಟಿಷರ ಕಾಲದ ದಂಡು ಪ್ರದೇಶವಿದೆ. ಶುಕ್ರವಾರ ಸೇರುವ ಸಂತೆಯಲ್ಲಿ ಗಿಡದ ಸಸಿಯಿಂದ ಹಿಡಿದು ಹಳೆಯ ಹೊಲಿಗೆ ಯಂತ್ರದವರೆಗೆ ಎಲ್ಲವೂ ಸಿಗುತ್ತದೆ. ಊರಿಗೆ ಇನ್ನೊಂದು ಹಿರಿಮೆಯೂ ಉಂಟು. 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗೆ ಇಲ್ಲಿನ ಕವಾಯತು ಮೈದಾನದ ಜಲ್ಲಿಮಣ್ಣಿನಲ್ಲಿ ಒಂದು ಕಲ್ಲಿನ ಆಯುಧ ಸಿಕ್ಕಿತು. ಭಾರತದಲ್ಲಿ ಹಳೆಯ ಶಿಲಾಯುಗದ ಮನುಷ್ಯ ಇದ್ದನೆಂಬುದಕ್ಕೆ ಸಿಕ್ಕ ಮೊದಲ ಸಾಕ್ಷಿ ಅದು. ಮುಂದೆ ನಮ್ಮ ಬಳ್ಳಾರಿಯ ಸಂಗನಕಲ್ಲು, ಕುಪ್ಪಗಲ್ಲುಗಳಲ್ಲಿ ಹುಡುಕಾಟ ನಡೆಸಿದವನೂ ಅವನೇ. ಶಿಲಾಯುಗದ ಚಿತ್ರ ಬರೆಯುವವರು ಇಂಥ ಕೈಗೊಡಲಿಯನ್ನು ಸಾಮಾನ್ಯವಾಗಿ ಗಡ್ಡದ ಗಂಡಸಿನ ಕೈಯಲ್ಲಿ ಇಡುತ್ತಾರೆ. ಗೆಡ್ಡೆ ಅಗೆಯಲು, ತೊಗಲು ಹೆರೆಯಲು, ಎಲುಬು ಒಡೆಯಲು ಅದನ್ನು ಹಿಡಿದವಳು ಒಬ್ಬ ತಾಯಿಯೂ ಆಗಿರಬಹುದು. ಅವಳನ್ನು ಕೇಳುವ ದಾರಿ ನಮಗಿಲ್ಲ. ಆದರೆ ಈಗ ಬದುಕಿರುವವರನ್ನು ಕೇಳಬಹುದಲ್ಲ?

ಪಲ್ಲಾವರಂ ರೈಲು ನಿಲ್ದಾಣದ ಮೆಟ್ಟಿಲ ಬಳಿ ಹೂ ಮಾರುವ ಅಕ್ಕನ ಜೊತೆ ನನ್ನ ಮಾತು ಶುರುವಾದದ್ದು ಮಲ್ಲಿಗೆಯ ಬೆಲೆಯಿಂದ. ಮಾರ್ಗಶಿರದ ಚಳಿಯಲ್ಲಿ ಮೊಗ್ಗು ಕಡಿಮೆ, ಬೆಲೆ ಗಗನಕ್ಕೆ. ಬೇಸಿಗೆಯಲ್ಲಿ ಬುಟ್ಟಿ ತುಂಬ ಹೂ, ಕೊಳ್ಳುವವರು ಚೌಕಾಶಿ ಮಾಡುತ್ತಾರೆ. ಕೋಯಂಬೇಡು ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲೇ ಹೋಗಿ ಬರಬೇಕು. ಬಾಳೆನಾರನ್ನು ನೀರಲ್ಲಿ ನೆನೆಸಿಟ್ಟುಕೊಂಡು, ಎರಡು ಮೊಗ್ಗು ಅತ್ತ, ಎರಡು ಮೊಗ್ಗು ಇತ್ತ ಇಟ್ಟು ಗಂಟು ಬಿಗಿಯುವ ಆ ಬೆರಳುಗಳ ವೇಗ ನೋಡುತ್ತ ನಿಂತರೆ ರೈಲು ತಪ್ಪಿದ್ದೂ ತಿಳಿಯದು. ನಾನು ಕೇಳಿದ್ದು ಒಂದೇ: ‘ಅಕ್ಕಾ, ಬಂಡವಾಳ ಎಲ್ಲಿಂದ ತರ್ತೀರಿ?’ ಅಷ್ಟಕ್ಕೆ ಅವರ ಇಡೀ ಬದುಕು ಬಿಚ್ಚಿಕೊಂಡಿತು.

ಬಡ್ಡಿಗೆ ಸಾಲ ಕೊಡುವವರು ಹತ್ತು ಸಾವಿರವೆಂದು ಬರೆದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುತ್ತಾರಂತೆ. ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಸಂಜೆ ಹೊತ್ತಿಗೆ ಮೋಟಾರು ಸೈಕಲ್ಲಿನವನು ಬಂದು ಚಿಕ್ಕ ಪುಸ್ತಕದಲ್ಲಿ ಗುರುತು ಹಾಕಿ ಹೋಗುತ್ತಾನೆ. ಮಳೆ ಬರಲಿ, ಜ್ವರ ಬರಲಿ, ಆ ನೂರು ರೂಪಾಯಿ ತಪ್ಪುವಂತಿಲ್ಲ. ‘ಬ್ಯಾಂಕಿಗೆ ಯಾಕೆ ಹೋಗಲ್ಲ?’ ಅಂದೆ. ‘ಬ್ಯಾಂಕಿಗೆ ಹೋಗೋಕೆ ಅರ್ಧ ದಿನ ಬೇಕು ಕಂದಾ. ಅರ್ಧ ದಿನಕ್ಕೆ ಈ ಹೂ ಬಾಡುತ್ತೆ’ ಅಂದರು. ಬಡವರ ಸಾಲದ ಬಗ್ಗೆ ಬರೆದ ಎಷ್ಟೋ ವರದಿಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ಕಲಿಸಿತು. ಇದೇ ಹೂವಿನ ದುಡ್ಡಿನಲ್ಲಿ ಮಗಳನ್ನು ನರ್ಸಿಂಗ್ ಓದಿಸಿದ್ದಾರೆ. ಆ ವಿಷಯ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆ ಇತ್ತು. ಆದರೆ ಅವರು ಹೆಚ್ಚು ಹೊತ್ತು ಮಾತಾಡಿದ್ದು ಬೇರೆ ವಿಷಯ. ಮಧ್ಯಾಹ್ನದವರೆಗೆ ನೀರು ಕುಡಿಯುವುದಿಲ್ಲವಂತೆ. ಬುಟ್ಟಿ ಬಿಟ್ಟು ಶೌಚಾಲಯ ಹುಡುಕಿಕೊಂಡು ಹೋಗಲಾಗದು, ಅದಕ್ಕೆ. ಹೊಟ್ಟೆಯ ಕೆಳಗೆ ಉರಿ ಬಂದು ಎರಡು ಸಲ ಆಸ್ಪತ್ರೆ ಸೇರಿದ್ದರು. ಗಂಡನಿಗೂ ಹೇಳಿರಲಿಲ್ಲ. ‘ಇದನ್ನೆಲ್ಲ ಯಾರು ಕೇಳ್ತಾರೆ?’ ಅನ್ನುತ್ತ ಮತ್ತೊಂದು ಗಂಟು ಬಿಗಿದರು.

ಚೆನ್ನೈ ಬೀಚ್ ನಿಲ್ದಾಣದಿಂದ ಪಲ್ಲಾವರಂ ಮೂಲಕ ತಾಂಬರಂವರೆಗೆ 1931ರಿಂದ ವಿದ್ಯುತ್ ರೈಲು ಓಡುತ್ತಿದೆ. ಅದರ ಮಹಿಳೆಯರ ಡಬ್ಬಿ ಈ ನಗರದಲ್ಲಿ ಹೆಂಗಸರು ಬಾಯಿ ಬಿಟ್ಟು ಮಾತಾಡುವ ದೊಡ್ಡ ಜಾಗ. ರಾತ್ರಿ ಒಂಬತ್ತರ ಮೇಲೆ ಮಾಂಬಲಂನಲ್ಲಿ ಜವಳಿ ಅಂಗಡಿಗಳ ಹುಡುಗಿಯರು ಹತ್ತುತ್ತಾರೆ. ಒಂದೇ ಬಣ್ಣದ ಸೀರೆ, ಮುಡಿಯಲ್ಲಿ ಬಾಡಿದ ಹೂ. ಸೀಟು ಸಿಕ್ಕ ಕೂಡಲೇ ಚಪ್ಪಲಿ ಕಳಚಿ ಪಾದ ಒತ್ತಿಕೊಳ್ಳುತ್ತಾರೆ. ಒಬ್ಬಳು ತನ್ನ ಕಣಕಾಲಿನ ಉಬ್ಬಿದ ನರ ತೋರಿಸಿದಳು; ಅವಳಿಗೆ ಇಪ್ಪತ್ತೆರಡೂ ತುಂಬಿರಲಿಲ್ಲ. ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕು, ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗುವಂತಿಲ್ಲವೆಂದು ಜೊತೆಯವಳು ಹೇಳಿದಳು.

ಇಂಥದ್ದೇ ಮಾತು ಕೇರಳದ ಕೋಳಿಕ್ಕೋಡಿನಲ್ಲಿ ಬೇರೊಂದು ದಾರಿ ಹಿಡಿಯಿತು. ಅಲ್ಲಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ದುಡಿಯುವ ಹೆಂಗಸರು ಶೌಚಾಲಯವಿಲ್ಲದ ಕಷ್ಟವನ್ನು, ದಿನವಿಡೀ ನಿಲ್ಲುವ ನೋವನ್ನು ತಮ್ಮ ತಮ್ಮಲ್ಲೇ ಹೇಳಿಕೊಳ್ಳುತ್ತಿದ್ದರು. ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಎಂಬಾಕೆ ಅವರನ್ನು ಒಟ್ಟುಗೂಡಿಸಿ ‘ಪೆಣ್‌ಕೂಟ್ಟ್’ ಎಂಬ ಸಂಘ ಕಟ್ಟಿದರು. ಮೊದಲು ಶೌಚಾಲಯ ಕೇಳಿದರು, ಆಮೇಲೆ ಕೂರುವ ಹಕ್ಕು ಕೇಳಿದರು. 2018ರಲ್ಲಿ ಕೇರಳ ತನ್ನ ಅಂಗಡಿಗಳ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂದು ಬರೆಯಿತು. 2021ರಲ್ಲಿ ತಮಿಳುನಾಡೂ ಅದೇ ಕಾನೂನು ಮಾಡಿತು. ಕಾನೂನು ಬಂದ ಮಾತ್ರಕ್ಕೆ ಪ್ರತಿ ಅಂಗಡಿಗೂ ಸ್ಟೂಲು ಬಂತೆಂದಲ್ಲ. ಆದರೂ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ‘ಕಾಲು ನೋಯುತ್ತೆ ಕಣೇ’ ಅಂದ ಮಾತು ವಿಧಾನಸಭೆಯವರೆಗೆ ನಡೆದು ಹೋದದ್ದು ಸಣ್ಣ ಸಂಗತಿಯಲ್ಲ. ಹೆಂಗಸರ ಮಾತನ್ನು ಹರಟೆಯೆಂದು ತಳ್ಳಿಹಾಕುವವರು ಈ ದಾರಿಯನ್ನು ಒಮ್ಮೆ ನೋಡಬೇಕು.

ನಮ್ಮ ಮಹಡಿಯ ಮೇಲೊಬ್ಬರು ದೊಡ್ಡಮ್ಮ ಇದ್ದಾರೆ. ಉಡುಪಿ ಕಡೆಯವರು, ಮದುವೆಯಾಗಿ ಮದರಾಸಿಗೆ ಬಂದವರು. ಗಂಡ ಹೋಟೆಲಿನ ಅಡುಗೆಯವರು. ಮದರಾಸಿನ ಉಡುಪಿ ಹೋಟೆಲುಗಳ ಚರಿತ್ರೆಯೆಂದರೆ ನಮಗೆ ಕೂಡಲೇ ವುಡ್‌ಲ್ಯಾಂಡ್ಸ್‌ನ ಕೆ. ಕೃಷ್ಣರಾಯರ ಹೆಸರು ನೆನಪಾಗುತ್ತದೆ. ಬರಿಗೈಯಲ್ಲಿ ಬಂದು ಹೋಟೆಲು ಕಟ್ಟಿದ ಅವರ ಸಾಹಸವನ್ನು ಎಷ್ಟು ಹೊಗಳಿದರೂ ಸಲ್ಲುತ್ತದೆ. ಆದರೆ ಆ ಹೋಟೆಲುಗಳಲ್ಲಿ ದುಡಿದ ನೂರಾರು ಗಂಡಸರ ಹಿಂದೆ ಊರಲ್ಲೋ ಇಲ್ಲಿನ ವಠಾರದ ಒಂದು ಕೋಣೆಯಲ್ಲೋ ಸಂಸಾರ ತೂಗಿಸಿದ ಹೆಂಗಸರ ಕತೆ ಎಲ್ಲಿದೆ? ಅವಲಕ್ಕಿಗೆ ಒಗ್ಗರಣೆ ಹಾಕುತ್ತ ದೊಡ್ಡಮ್ಮ ಒಂದು ಮಧ್ಯಾಹ್ನ ಅದರ ಚೂರೊಂದನ್ನು ನನಗೆ ಹೇಳಿದರು. ಬಂದ ಹೊಸದರಲ್ಲಿ ತಮಿಳು ಬಾರದು. ನೀರಿನ ಸಾಲಿನಲ್ಲಿ ಇವರ ಕೊಡವನ್ನು ಹಿಂದಕ್ಕೆ ಸರಿಸಿದರೂ ಕೇಳುವ ಬಾಯಿಲ್ಲ. ಬಸ್ಸಿನ ಬೋರ್ಡು ನೋಡಿ ನೋಡಿ ಅಕ್ಷರ ಕಲಿತರು. ಆಮೇಲೆ ಅಕ್ಕಪಕ್ಕದ ಮನೆಗಳಿಗೆ ದೋಸೆ ಹಿಟ್ಟು ರುಬ್ಬಿ ಕೊಡತೊಡಗಿದರು. ಒರಳ ಗುಂಡನ್ನು ತಿರುಗಿಸಿ ತಿರುಗಿಸಿ ಬಲಗೈಯ ರಟ್ಟೆ ಇಂದಿಗೂ ಮೇಲೆತ್ತಲು ಬರುವುದಿಲ್ಲ. ಆ ಹಿಟ್ಟಿನ ದುಡ್ಡಲ್ಲಿ ಒಂದು ಜೊತೆ ಬಳೆ ಮಾಡಿಸಿಕೊಂಡು, ನಾದಿನಿಯ ಮದುವೆಗೆ ಅದನ್ನೇ ಬಿಚ್ಚಿ ಕೊಟ್ಟರು. ‘ಕೊಡುವಾಗ ಬೇಜಾರಾಯ್ತಾ ದೊಡ್ಡಮ್ಮ?’ ಅಂತ ಕೇಳಿದೆ. ಒಗ್ಗರಣೆ ಸೌಟು ಕೆಳಗಿಟ್ಟು ತುಂಬ ಹೊತ್ತು ಸುಮ್ಮನಿದ್ದರು. ‘ಆಯ್ತು ಮಗಾ. ಇಷ್ಟು ವರ್ಷದಲ್ಲಿ ಅದನ್ನು ಕೇಳಿದವರು ಯಾರೂ ಇಲ್ಲ’ ಅಂದರು.

ತ್ಯಾಗ ಮಾಡಿದವಳನ್ನು ಹೊಗಳುವುದು ನಮ್ಮವರಿಗೆ ಚೆನ್ನಾಗಿ ಗೊತ್ತು. ಕೊಟ್ಟಾಗ ನೋವಾಯಿತೇ ಎಂದು ಕೇಳುವುದು ಗೊತ್ತಿಲ್ಲ. ಹೊಗಳಿಕೆ ಅವಳ ಬಾಯಿ ಮುಚ್ಚಿಸುತ್ತದೆ. ಪ್ರಶ್ನೆ ಬಾಯಿ ತೆರೆಸುತ್ತದೆ.

ಕನ್ನಡದಲ್ಲಿ ಇಂಥ ಸಂವಾದಗಳಿಗೆ ದೊಡ್ಡ ಹಿನ್ನೆಲೆಯೇ ಇದೆ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಪ್ರಶ್ನಿಸುವ ಭಾಗವನ್ನು ಓದದ ಕನ್ನಡಿಗರು ಕಡಿಮೆ. ನಿನ್ನ ಗಂಡ ಯಾರು, ಸೀರೆ ತೊರೆದವಳು ಮೈಯನ್ನು ಕೂದಲಲ್ಲಿ ಮರೆಸಿಕೊಂಡದ್ದೇಕೆ ಎಂದು ಕಟುವಾಗಿ ಕೇಳುತ್ತಾರೆ. ಅಕ್ಕ ಒಂದಕ್ಕೂ ಹಿಂಜರಿಯುವುದಿಲ್ಲ. ಅವಳ ಉತ್ತರಗಳನ್ನು ನಾವು ಇಂದಿಗೂ ತಲೆಯ ಮೇಲೆ ಹೊತ್ತುಕೊಂಡಿದ್ದೇವೆ. ಆದರೆ ಆ ಸಭೆ ಒಂದು ಪರೀಕ್ಷೆ. ಗೆದ್ದವಳಿಗೆ ಮಾತ್ರ ಅಲ್ಲಿ ಜಾಗ. ಪರೀಕ್ಷೆಯಿಲ್ಲದೆ, ಗೆಲ್ಲಬೇಕಾದ ಒತ್ತಾಯವಿಲ್ಲದೆ ನಮ್ಮ ಹೆಂಗಸರು ಮಾತಾಡಿದ್ದು ಬೀಸುಕಲ್ಲಿನ ಮುಂದೆ. ನಸುಕಿನಲ್ಲಿ ಜೋಳ ಬೀಸುತ್ತ ತವರಿನ ನೆನಪು, ಸವತಿಯ ಸಂಕಟ, ಗಂಡನ ಮುನಿಸು, ಮಗುವಿನ ನಗು ಎಲ್ಲವನ್ನೂ ಮೂರು ಮೂರು ಸಾಲಿಗೆ ಇಳಿಸಿದರು. ಹಲಸಂಗಿಯ ಗೆಳೆಯರು ಅವನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬರಂಥವರು ಅಂದು ಕಿವಿಗೊಡದಿದ್ದರೆ ಆ ಸಂಪತ್ತು ಹಿಟ್ಟಿನ ಜೊತೆ ಗಾಳಿಗೆ ಹೋಗುತ್ತಿತ್ತು. ಕೇಳಿಸಿಕೊಂಡವರ ಹೆಸರು ನಮಗೆ ಉಳಿದಿದೆ. ಹಾಡಿದ ಗರತಿಯರಲ್ಲಿ ಬಹುಪಾಲು ಜನರ ಹೆಸರು ಉಳಿಯಲಿಲ್ಲ. ಆ ಕೊರತೆಯನ್ನು ಇನ್ನು ಮುಂದಾದರೂ ತುಂಬಬೇಕು.

ಹೆಸರಿದ್ದವರನ್ನೂ ನಾವು ಕೇಳದೆ ಉಳಿದದ್ದುಂಟು. ನಂಜನಗೂಡು ತಿರುಮಲಾಂಬಾ ಹುಟ್ಟಿದ್ದು 1887ರಲ್ಲಿ. ಹತ್ತನೇ ವಯಸ್ಸಿಗೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತವರಿನಲ್ಲಿ ತಂದೆಯ ಆಸರೆಯಲ್ಲಿ ಓದಿ, ‘ಸತೀಹಿತೈಷಿಣೀ’ ಗ್ರಂಥಮಾಲೆ ನಡೆಸಿ, ‘ಸುಶೀಲೆ’ಯಂಥ ಕಾದಂಬರಿಗಳನ್ನು ಬರೆದು, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ಹೊರಡಿಸಿದರು. ಇಷ್ಟೆಲ್ಲ ಮಾಡಿದವರು ನಡುವಯಸ್ಸಿನಲ್ಲಿ ಬರವಣಿಗೆ ನಿಲ್ಲಿಸಿಬಿಟ್ಟರು. ತೀರಿಕೊಂಡದ್ದು 1982ರಲ್ಲಿ. ನಡುವಿನ ದಶಕಗಳ ಮೌನವನ್ನು ಲೆಕ್ಕ ಹಾಕಿದರೆ ಎದೆ ಭಾರವಾಗುತ್ತದೆ. ಅವರ ಬಳಿ ಕೂತು ಮಾತಾಡಿಸಲು ಕನ್ನಡ ನಾಡಿಗೆ ಬೇಕಾದಷ್ಟು ಕಾಲವಿತ್ತು. ಈಗ ಕಾಲ ಬದಲಾಗಿದೆ ನಿಜ. ಪತ್ರಕರ್ತೆ ವಿಜಯಾ ತಮ್ಮ ಬದುಕನ್ನು ‘ಕುದಿ ಎಸರು’ ಎಂದು ಬರೆದರು. ದಾಂಪತ್ಯದಲ್ಲಿ ಉಂಡ ಹಿಂಸೆಯನ್ನೂ ಮುಚ್ಚಿಡದ ಆ ಆತ್ಮಕತೆಗೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ಎಲ್ಲರಿಗೂ ಬರೆಯಲು ಬರುವುದಿಲ್ಲ. ಬರೆಯಲು ಬಾರದವರ ಪಾಲಿಗೆ ಕೇಳುವವರೇ ಲೇಖನಿ.

ಮಾರ್ಚ್ 8ರ ಮಹಿಳಾ ದಿನ ಬಂದಾಗ ವೇದಿಕೆಯ ಮೇಲೆ ಸಾಧಕಿಯರನ್ನು ಕೂರಿಸಿ ಶಾಲು ಹೊದಿಸುತ್ತೇವೆ. ಅದು ಇರಲಿ, ಗೌರವ ಯಾವತ್ತಿಗೂ ಬೇಕು. ಆದರೆ ‘ನಿಮಗೆ ಸ್ಫೂರ್ತಿ ಯಾರು?’ ಎಂಬ ಪ್ರಶ್ನೆಗೆ ಬರುವ ಉತ್ತರ ಎಲ್ಲರಿಗೂ ಮೊದಲೇ ಗೊತ್ತು. ಮೊದಲ ಸಂಬಳ ಯಾರ ಕೈಗೆ ಕೊಟ್ಟಿರಿ, ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಿದ್ದಿರಿ, ಹೆರಿಗೆಯಾದ ಎಷ್ಟು ದಿನಕ್ಕೆ ಕೆಲಸಕ್ಕೆ ಹೋದಿರಿ, ‘ಆಗುವುದಿಲ್ಲ’ ಎಂದು ಮೊದಲ ಸಲ ಹೇಳಿದ್ದು ಯಾರಿಗೆ, ಹೇಳಿದ ಮೇಲೆ ಏನಾಯಿತು: ಇವನ್ನು ಕೇಳಿದರೆ ಸಾಧನೆಯ ಜೊತೆಗೆ ಸಾಧಕಿಯೂ ಕಾಣುತ್ತಾಳೆ. ನಮಗೆ ಧೈರ್ಯ ಕೊಡುವುದು ಗೆಲುವಿನ ಸುದ್ದಿಯಲ್ಲ. ದಿನಕ್ಕೆ ನೂರು ರೂಪಾಯಿ ಕಟ್ಟುತ್ತಲೇ ಮಗಳ ಶುಲ್ಕವನ್ನು ಹೊಂದಿಸಿದ ಲೆಕ್ಕ. ಒಬ್ಬಳು ದಾಟಿದ ದಾರಿಯ ವಿವರ ತಿಳಿದಾಗಲೇ ಇನ್ನೊಬ್ಬಳಿಗೆ ತಾನೂ ದಾಟಬಹುದೆಂಬ ನಂಬಿಕೆ ಹುಟ್ಟುತ್ತದೆ.

ಕೇಳಿದವರಿಗೆ ಹೊಣೆಯೂ ಇದೆ. ನಂಬಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ನಾಲ್ಕು ಜನರ ಮುಂದೆ ಇಡಬಾರದು. ಅತ್ತಾಗ ಫೋಟೋ ತೆಗೆಯಬಾರದು. ಸುಮ್ಮನಾದಾಗ ಕೆದಕಬಾರದು. ಬುದ್ಧಿ ಹೇಳುವ ಆತುರವನ್ನಂತೂ ಮನೆಯಲ್ಲೇ ಬಿಟ್ಟು ಹೋಗಬೇಕು.

ಓದುತ್ತಿರುವ ನಿಮ್ಮ ಮನೆಯಲ್ಲೂ ಅಮ್ಮ, ಅಜ್ಜಿ, ಅತ್ತೆ, ಚಿಕ್ಕಮ್ಮ ಇದ್ದಾರೆ. ಬೀದಿಯಲ್ಲಿ ಸೊಪ್ಪಿನವರು, ಕೆಲಸಕ್ಕೆ ಬರುವವರು, ಶಾಲೆಯ ಆಯಾ ಇದ್ದಾರೆ. ಅವರ ಜೊತೆ ಬಟಾಣಿ ಸುಲಿಯುತ್ತ ಕೂತುಕೊಳ್ಳಿ. ಒಂದು ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಅವರು ಒಪ್ಪಿದರೆ ಹೆಸರು, ಊರು, ಇಸವಿ ಸಮೇತ ಬರೆದಿಡಿ. ನಾಳೆಗೆಂದು ಮುಂದೂಡಬೇಡಿ, ಅಜ್ಜಿಯರು ನಮ್ಮ ಬಿಡುವಿಗಾಗಿ ಕಾಯುತ್ತ ಕೂರುವುದಿಲ್ಲ.