ನೇಪಾಳಕ್ಕೆ ಹೋದ ಮುಡಿಪು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಯಲ್ಲಿ ಕಾಶಿಗೆ ಹೋಗಿಬಂದವರು ಊರಿಗೆ ಹತ್ತು ಮಂದಿ ದೊರೆಯುವರು. ನೇಪಾಳವನ್ನು ಕಂಡವರು ವಿರಳ. ಪರದೇಶವೆಂಬ ಅಂಜಿಕೆಯೇ ಇದಕ್ಕೆ ಕಾರಣವಿರಬೇಕು. ವಾಸ್ತವವಾಗಿ ಭಾರತದ ಪ್ರಜೆಗೆ ಅಲ್ಲಿ ವೀಸಾ ಬೇಕಿಲ್ಲ. ವಿಮಾನದಲ್ಲಿ ಹೋಗಿಬರುವವರು ಪಾಸ್‌ಪೋರ್ಟನ್ನಾಗಲಿ ಚುನಾವಣಾ ಗುರುತಿನ ಚೀಟಿಯನ್ನಾಗಲಿ ತೋರಿಸಬೇಕು. ಆಧಾರ್ ಚೀಟಿಯು 15 ವರ್ಷದೊಳಗಿನವರಿಗೂ 65 ದಾಟಿದವರಿಗೂ ಮಾತ್ರ ಸಲ್ಲುತ್ತದೆ. ಹಿರಿಯರನ್ನು ಕರೆದೊಯ್ಯುವ ಸೊಸೆಯಂದಿರು ತಮ್ಮ ಚೀಟಿಯನ್ನೂ ಮರೆಯದಿರುವುದು ಲೇಸು.

ನಾನು ಅಲ್ಲಿಗೆ ಹೋದುದು ನಮ್ಮ ಅತ್ತೆಯವರ ನಿಮಿತ್ತವಾಗಿ. ಅವರ ತವರು ಉಜ್ಜಿನಿ. ಅವರ ಅಜ್ಜನವರು 1938ರ ಶಿವರಾತ್ರಿಗೆ ಪಶುಪತಿನಾಥನ ದರ್ಶನ ಮಾಡಬೇಕೆಂದು ಹೊರಟಿದ್ದರು. ಕೊಟ್ಟೂರಿಗೆ 1905ರಲ್ಲೇ ರೈಲು ಬಂದಿತ್ತಾದುದರಿಂದ ಹೊರಡುವುದೇನೋ ಸುಲಭವಾಗಿತ್ತು. ಆದರೆ ರಾಣಾ ದೊರೆತನದ ಆ ಕಾಲದಲ್ಲಿ ನೇಪಾಳದ ಕಣಿವೆಯು ಹೊರಗಿನವರಿಗೆ ಮುಚ್ಚಿದ ಬಾಗಿಲು. ಶಿವರಾತ್ರಿಯ ಯಾತ್ರಿಕರಿಗೆ ಮಾತ್ರ ಅದು ತೆರೆಯುತ್ತಿತ್ತು. ರಕ್ಸೌಲ್‌ನಿಂದ ಅಮಲೇಖಗಂಜದವರೆಗೆ 1927ರಲ್ಲಿ ಹಾಕಿದ ಸಣ್ಣ ರೈಲು, ಅಲ್ಲಿಂದ ಭೀಮಫೇದಿಯವರೆಗೆ ಮೋಟಾರು, ಆಮೇಲೆ ಚೀಸಾಪಾನಿ ಮತ್ತು ಚಂದ್ರಾಗಿರಿಯ ಏರುಗಳನ್ನು ಕಾಲ್ನಡಿಗೆಯಲ್ಲಿಯೇ ದಾಟಬೇಕು. ಅಜ್ಜನವರಿಗೆ ಭೀಮಫೇದಿಯಲ್ಲಿ ಜ್ವರ ಹಿಡಿಯಿತು. ಜೊತೆಯವರು ಅವರನ್ನು ಹಿಂದಕ್ಕೆ ಕರೆತಂದರು. ದೇವರಿಗೆಂದು ಅರಿಸಿನದ ಬಟ್ಟೆಯಲ್ಲಿ ಕಟ್ಟಿದ್ದ ಮುಡಿಪು ಅಂದಿನಿಂದ ಮನೆಯ ಜಗುಲಿಯ ಮೇಲೆಯೇ ಉಳಿಯಿತು. ಅದನ್ನು ಒಪ್ಪಿಸುವ ಭಾರ ಕೈಯಿಂದ ಕೈಗೆ ದಾಟಿ, ಕೊನೆಗೆ ಎಪ್ಪತ್ತನಾಲ್ಕರ ಹರೆಯದ, ಮೊಣಕಾಲು ನೋವಿನ ನಮ್ಮ ಅತ್ತೆಯವರ ಪಾಲಿಗೆ ಬಂದಿತು.

2024ರಲ್ಲಿ ಅವರು ಹಟ ಹಿಡಿದರು. ಆ ವರ್ಷವೇ ಜುಲೈ 12ರಂದು ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು, 60ಕ್ಕೂ ಹೆಚ್ಚು ಜನರಿದ್ದ ಎರಡು ಬಸ್ಸುಗಳು ತ್ರಿಶೂಲಿ ನದಿಯ ಪಾಲಾಗಿದ್ದವು. ಹೋಗುವುದಾದರೆ ವಿಮಾನದಲ್ಲಿಯೇ ಎಂದು ನಮ್ಮ ಯಜಮಾನರು ಖಂಡಿತವಾಗಿ ಹೇಳಿದರು.

“ಕಾಶಿ ಕಾಣದೆ ಪಶುಪತಿಗೆ ಹಾರಿ ಹೋದರೆ ಅದು ಯಾತ್ರೆಯೇನಪ್ಪಾ? ನಮ್ಮಜ್ಜ ನೆಲ ತುಳಿದು ಹೋದವನು,” ಎಂದರು ಅತ್ತೆಯವರು.

ಹೋಗುವಾಗ ನೆಲ, ಬರುವಾಗ ಆಕಾಶ ಎಂದು ತೀರ್ಮಾನವಾಯಿತು. ಮಳೆಗಾಲ ಕಳೆದು ಕಾರ್ತಿಕ ಮುಗಿದ ಮೇಲೆ ಹೊರಟೆವು. ನಮ್ಮ ರೈಲಿನ ಕಥೆಯೂ ವಿಚಿತ್ರವೇ. ಗೇಜು ಬದಲಾವಣೆಗೆಂದು ತೊಂಬತ್ತರ ದಶಕದಲ್ಲಿ ನಿಂತ ಪ್ರಯಾಣಿಕರ ಗಾಡಿಯು ಹರಿಹರದವರೆಗೆ ಬೆಳೆದು ಮತ್ತೆ ಓಡತೊಡಗಿದುದು 2019ರಲ್ಲಿ. ಕೂಡ್ಲಿಗಿ, ಹಡಗಲಿಯವರಿಗೆ ಆ ಭಾಗ್ಯವೂ ಇಲ್ಲ. ಅವರು ಮೊದಲು ಬಸ್ಸನ್ನೇ ನಂಬಬೇಕು. ಹುಬ್ಬಳ್ಳಿಯಲ್ಲಿ ಕಾಶಿಯ ಗಾಡಿ ಹಿಡಿದು, ಕಾಶಿಯಲ್ಲಿ ಎರಡು ದಿನವಿದ್ದು, ಗೋರಖಪುರಕ್ಕೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸುನೌಲಿಯನ್ನು ಸೇರಿದೆವು.

ಸುನೌಲಿಯಲ್ಲಿ ಎರಡು ದೇಶಗಳ ನಡುವೆ ಇರುವುದೊಂದು ಕಮಾನು. ಸೈಕಲ್ ರಿಕ್ಷಾಗಳೂ ತರಕಾರಿ ಬುಟ್ಟಿಗಳೂ ಶಾಲೆಯ ಮಕ್ಕಳೂ ಅದರಡಿಯಲ್ಲಿ ಅತ್ತಿತ್ತ ಹಾಯುತ್ತಿದ್ದುವು. ನಾವೂ ನಡೆದೇ ದಾಟಿದೆವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದು; ನಮ್ಮ 100 ರೂಪಾಯಿಗೆ ಅವರ 160.

ಮರುದಿನ ಮುಂಜಾನೆ ಭೈರಹವಾದಿಂದ ಹಗಲು ಬಸ್ಸನ್ನೇ ಹಿಡಿದೆವು. ಕಠ್ಮಂಡುವಿಗೆ ಸುಮಾರು 270 ಕಿಲೋಮೀಟರ್. ಹಿಡಿದುದು ಹನ್ನೊಂದು ಗಂಟೆ. ನಾರಾಯಣಘಾಟ್ ದಾಟಿದ ಮೇಲೆ ಒಂದು ಮಗ್ಗುಲಿಗೆ ಬೆಟ್ಟದ ಕೊರೆ, ಇನ್ನೊಂದಕ್ಕೆ ಕೆಳಗೆ ತ್ರಿಶೂಲಿ. ಒಂದೆಡೆ ಬಸ್ಸಿನವರೆಲ್ಲ ಥಟ್ಟನೆ ಮಾತು ನಿಲ್ಲಿಸಿದರು, ಕೆಲವರು ಕೈಮುಗಿದರು. ಯಾವ ಸ್ಥಳವೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಅತ್ತೆಯವರು ಮುಡಿಪನ್ನು ಸೆರಗಿನಲ್ಲಿ ಬಿಗಿಹಿಡಿದು ನದಿಯನ್ನೇ ನೋಡುತ್ತಿದ್ದರು. ವಿಮಾನದ ಮಾತನ್ನು ನಾನೇ ಗಟ್ಟಿಯಾಗಿ ಹಿಡಿಯಬಾರದಿತ್ತೇ ಎಂಬ ಯೋಚನೆ ಆ ಹೊತ್ತು ಬಾರದೆ ಇರಲಿಲ್ಲ.

ಪಶುಪತಿನಾಥನ ಚತುರ್ಮುಖ ಲಿಂಗವನ್ನು ಮುಟ್ಟುವ ಅಧಿಕಾರ ದಕ್ಷಿಣದಿಂದ ಹೋದ ಭಟ್ಟರದು. 2009ರಲ್ಲಿ ಕರ್ನಾಟಕದ ಇಬ್ಬರು ನೇಮಕವಾದಾಗ, ಹೊರನಾಡಿನವರೇಕೆಂದು ಅಲ್ಲಿ ದೊಡ್ಡ ಗಲಭೆಯೇ ಆಯಿತು. ದಿನವೂ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ಅತ್ತೆಯವರಿಗೆ ದೂರದಿಂದಲೇ ಕೈಮುಗಿಯುವುದು ಕಷ್ಟವೆನಿಸಿತು. “ಇಷ್ಟು ದೂರ ಬಂದು ಮುಟ್ಟಬಾರದೇ?” ಎಂದು ನನ್ನೊಡನೆ ಗೊಣಗಿಕೊಂಡರು. ಅದು ಭಟ್ಟರೊಬ್ಬರ ಕಿವಿಗೆ ಬಿದ್ದಿತು.

“ಯಾವ ಊರಾಯಿತು, ಅಮ್ಮಾ?” ಎಂದು ಅವರು ಕನ್ನಡದಲ್ಲಿ ಕೇಳಿದರು.

ಅತ್ತೆಯವರಿಗೆ ಮಾತೇ ಹೊರಡಲಿಲ್ಲ. ಗಂಟನ್ನು ಬಿಚ್ಚುವುದೂ ಅವರಿಂದಾಗಲಿಲ್ಲ, ನಾನೇ ಬಿಚ್ಚಿದೆನು. ಐದನೆಯ ಜಾರ್ಜ್ ದೊರೆಯ ಮುಖವಿದ್ದ ಒಂದು ಬೆಳ್ಳಿಯ ರೂಪಾಯಿ, ಪುಡಿಯಾದ ಅಡಿಕೆ, ಅಷ್ಟೆ. ಭಟ್ಟರು ರೂಪಾಯಿಯನ್ನು ತಟ್ಟೆಯಲ್ಲಿಟ್ಟುಕೊಂಡು ಒಳಗೆ ಹೋದರು. ಖಾಲಿ ಬಟ್ಟೆಯನ್ನು ಅತ್ತೆಯವರು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡರು.

ಬರುವಾಗ ದಿಲ್ಲಿಗೆ ಸುಮಾರು ಎರಡು ಗಂಟೆಯ ಹಾರಾಟ. ಕಿಟಕಿಯಲ್ಲಿ ಹಿಮದ ಸಾಲು ಕಾಣುತ್ತಿದ್ದರೂ ಅತ್ತೆಯವರು ನಿದ್ದೆ ಹೋಗಿದ್ದರು. ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಸಂಜೆಗೆ ಬೆಂಗಳೂರು. ಬೆಂಗಳೂರಿನಿಂದ ಕೊಟ್ಟೂರಿಗೆ ಬಸ್ಸಿನಲ್ಲಿ ಇಡೀ ರಾತ್ರಿ ಬೇಕಾಯಿತು.